ಕಡೆ ಬಸ್ಸು ಮತ್ತು ಏಳು ನಿಮಿಷದ ಹಾಡು

ಸಾಗರದ ಟಾಕೀಸಿನಲ್ಲಿ ನಾನು ಓಡಿಸಿದ ಮೊದಲ ಸಿನಿಮಾದ ಮೊದಲ ಹಾಡು ಶುರುವಾದದ್ದೇ ತಡ, ಅರ್ಧ ಥಿಯೇಟರು ಎದ್ದು ಹೊರಗೆ ನಡೆಯಿತು. ಸೌಂಡು ಕೈಕೊಟ್ಟಿತು ಎಂದುಕೊಂಡೆ. ಆಪರೇಟರ್ ಕೋಣೆಯ ಕಿಂಡಿಗೆ ಕಿವಿ ಇಟ್ಟು ಕೇಳಿದರೆ ಎಲ್ಲ ಸರಿಯಾಗಿಯೇ ಇದೆ. ಆದರೂ ಇರಲಿ ಎಂದು ಸ್ವಲ್ಪ ಏರಿಸಿದೆ. ಕೂತಿದ್ದವರಲ್ಲಿ ಇನ್ನೂ ನಾಲ್ಕು ಮಂದಿ ಎದ್ದರು. ಗಾಬರಿಯಾಗಿ ಮೆಟ್ಟಿಲಿಳಿದು ಹೊರಗೆ ಬಂದು ನೋಡುತ್ತೇನೆ, ಗಂಡಸರೆಲ್ಲ ಕಟ್ಟೆಯ ಮೇಲೆ ಸಾಲಾಗಿ ಕೂತು ನಿಧಾನವಾಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದಾರೆ. ಎಲೆ ಅಡಿಕೆಗೆ ಇಲ್ಲಿ ಕವಳ ಎನ್ನುತ್ತಾರೆ. ಅದನ್ನು ಬಾಯಿಗೆ ಹಾಕಿಕೊಳ್ಳುವುದಕ್ಕೆ ಇವರಿಗೆ ಪೂಜೆಗೆ ಬೇಕಾದಷ್ಟೇ ತಾಳ್ಮೆ ಬೇಕು.

"ಯಾಕ್ರೀ ಎದ್ದು ಬಂದ್ರಿ? ಒಳಗ ಹಾಡು ನಡದೈತಿ" ಎಂದೆ.

"ಹಾಡಲ್ವಾ, ಅದಕ್ಕೇ ಬಂದ್ವಿ" ಎಂದರು ಒಬ್ಬ ಹಿರಿಯರು. "ಮುಗಿದ್ಮೇಲೆ ಒಂಚೂರು ಹೇಳಿ ಮಾರಾಯ್ರೆ, ಒಳಗೆ ಬರ್ತೀವಿ."

ಸಿಂಧನೂರಿನ ನನ್ನ ಜನವೇ, ನಿಮಗೆ ಇದನ್ನು ಹೇಗೆ ಹೇಳಲಿ? ನಮ್ಮ ಟಾಕೀಸಿನಲ್ಲಿ ಹಾಡು ಬಂದರೆ ಹೊರಗಿದ್ದವನು ಚಹಾ ಲೋಟವನ್ನು ಅಲ್ಲೇ ಬಿಟ್ಟು ಒಳಗೆ ಓಡಿ ಬರುತ್ತಿದ್ದ. ಪರದೆಯ ಮುಂದೆ ಕುಣಿಯಲು ಜಾಗ ಸಾಲದೆ ಜಗಳವಾಗುತ್ತಿತ್ತು. 'ಒನ್ಸ್ ಮೋರ್' ಎಂಬ ಕೂಗಿಗೆ ಮಣಿಯದ ಆಪರೇಟರು ಮರುದಿನ ಸಂತೆಯಲ್ಲಿ ತಲೆ ಎತ್ತಿ ತಿರುಗುವಂತಿರಲಿಲ್ಲ. ನಮ್ಮಪ್ಪ ಆ ಕೂಗಿಗೆ ಮಣಿಯುತ್ತಿದ್ದ ಆಪರೇಟರು, ನಾನು ಅವನ ಕೋಣೆಯಲ್ಲಿ ಬೆಳೆದವಳು. ರೀಲು ಹೋಗಿ ಪೆಟ್ಟಿಗೆಯಂಥ ಮಷೀನು ಬಂದರೂ ಕೆಲಸ ಅದೇ. ಜನರ ಕೂಗು ಕೇಳಿ ಕೈ ಆಡಬೇಕು. ನಮ್ಮ ಟಾಕೀಸನ್ನು ಕೆಡವಿ ಅಂಗಡಿಗಳ ಕಟ್ಟಡ ಏಳಿಸಿದ ಮೇಲೆ, ಮಷೀನು ರಿಪೇರಿಗೆ ಬರುತ್ತಿದ್ದ ಮೆಕ್ಯಾನಿಕ್ಕು ಸಾಗರದಲ್ಲಿ ಆಪರೇಟರು ಬೇಕಂತೆ ಎಂದ. ನನ್ನ ಗಂಡ ವೀರೇಶ ಟೇಲರು. "ಹೊಲಿಗಿ ಮಷೀನ್ ಎಲ್ಲಿಟ್ರೂ ಹೊಲೀತೈತಿ, ನಡಿ" ಎಂದು ಹೊರಟೇಬಿಟ್ಟ.

ಮನೆ ಸಿಗುವುದು ಸುಲಭವಾಗಲಿಲ್ಲ. ಬಾಡಿಗೆ ಕೇಳಲು ಹೋದಲ್ಲೆಲ್ಲ ಏನು ಕೆಲಸ ಎಂದು ವೀರೇಶನ ಮುಖ ನೋಡಿ ಕೇಳುತ್ತಿದ್ದರು. "ನಾನು ಟೇಲರ್ ರೀ, ಆಕಿ ಸಿನಿಮಾ ಆಪರೇಟರ್" ಎಂದು ಅವನು ಹೇಳಿ ಮುಗಿಸುವಷ್ಟರಲ್ಲಿ ಮನೆ ನಿನ್ನೆಯೇ ಯಾರಿಗೋ ಹೋಗಿರುತ್ತಿತ್ತು. ಇಕ್ಕೇರಿ ರಸ್ತೆಯ ಭಾಗೀರಥಮ್ಮ ಮಾತ್ರ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, "ಅಡ್ಡಿಲ್ಲೆ. ಒಳ್ಳೆ ಸಿನಿಮಾ ಬಂದ್ರೆ ಯಂಗೆ ಹೇಳವು, ಅಷ್ಟೇ" ಎಂದು ಕೀಲಿಕೈ ಕೊಟ್ಟರು. ಅವರ ಮನೆಮಾತು ನನಗೆ ಅರ್ಧವೇ ತಿಳಿಯಿತು. ಕೀಲಿಕೈ ಪೂರ್ತಿ ತಿಳಿಯಿತು.

ಮೊದಲ ದಿನ ಅವರು ತಂಬ್ಳಿ ಕಳಿಸಿದರು. ಸೊಪ್ಪನ್ನು ಅರೆದು ಮಜ್ಜಿಗೆಗೆ ಕಲಸಿ ಅನ್ನದ ಮೇಲೆ ತಣ್ಣಗೆ ಬಿಟ್ಟುಕೊಳ್ಳುವ ಪದಾರ್ಥ ಅದು. ಸಾರು ಆರಿಹೋಗಿದೆ ಎಂದುಕೊಂಡ ವೀರೇಶ ಅದನ್ನು ಒಲೆಯ ಮೇಲಿಟ್ಟು ಕುದಿಸಿ ಒಡೆಸಿಬಿಟ್ಟ. ಮರುದಿನ ನಾನು ರೊಟ್ಟಿ ಬಡಿಯುವ ಸದ್ದಿಗೆ ಭಾಗೀರಥಮ್ಮ ಓಡಿ ಬಂದು, ಗಂಡ ಹೆಂಡತಿ ಇಬ್ಬರೂ ಕ್ಷೇಮವೇ ಎಂದು ಬಾಗಿಲಲ್ಲೇ ವಿಚಾರಿಸಿದರು. ಬಿಸಿ ರೊಟ್ಟಿ ತಿಂದು ನೋಡಿದ ಮೇಲೆ ಅವರಿಗೆ ಆ ಸದ್ದು ಸಹ್ಯವಾಯಿತು. ಈಗ ರೊಟ್ಟಿ ಬಡಿಯದ ದಿನ ಅವರೇ ಕೇಳುತ್ತಾರೆ.

ಊಟ, ಮಾತು, ಕಾಲಿಗೆ ಹತ್ತುವ ಉಂಬಳ ಎಂಬ ಜಿಗಣೆ, ಇವೆಲ್ಲ ನಿಧಾನಕ್ಕೆ ರೂಢಿಯಾದವು. ಒಗ್ಗದೆ ಉಳಿದದ್ದು ಹಾಡಿನ ಹೊತ್ತು. ಪರದೆಯ ಮೇಲೆ ಬಣ್ಣಬಣ್ಣದ ಹಾಡು ಓಡುತ್ತಿದ್ದರೆ ಕೆಳಗೆ ಖಾಲಿ ಕುರ್ಚಿಗಳು. ನನ್ನೂರು ಬಿಟ್ಟು ಎಷ್ಟು ದೂರ ಬಂದಿದ್ದೇನೆಂದು ತಿಳಿಯುತ್ತಿದ್ದುದು ಆಗಲೇ. ಕೋಣೆಯಲ್ಲಿ ಒಬ್ಬಳೇ ಅತ್ತದ್ದೂ ಉಂಟು.

ಇಂಟರ್‌ವಲ್ ಆದ ಮೇಲಿನ ಕಥೆ ಇನ್ನೊಂದು. ಮಾಲೀಕರಾದ ಕೆರಿಯಪ್ಪನವರು ಮೊದಲ ದಿನವೇ ಕೋಣೆಗೆ ಬಂದು, "ಸಂಜೆ ಆಟದಲ್ಲಿ ಸೆಕೆಂಡ್ ಹಾಫಿನ ಹಾಡೆಲ್ಲ ಹಾರ್ಸಿಬಿಡಿ" ಎಂದರು. ಒಳ್ಳೆಯ ಮನುಷ್ಯ. ಅವರ ಅಜ್ಜ ಗೇಣಿಗೆ ಗದ್ದೆ ಮಾಡುತ್ತಿದ್ದವರು, ತಂದೆಯ ಕಾಲಕ್ಕೆ ಭೂಮಿ ಸ್ವಂತದ್ದಾಯಿತು, ಆ ಗದ್ದೆಯ ದುಡಿಮೆಯಲ್ಲಿ ಎದ್ದದ್ದು ಈ ಟಾಕೀಸು. ಅವರ ಕಾರಣವೂ ನ್ಯಾಯವಾದದ್ದೇ. ಸಂಜೆಯ ಆಟಕ್ಕೆ ಬರುವವರಲ್ಲಿ ಹೆಚ್ಚಿನವರು ಹೊಸನಗರದ ದಾರಿಯ ಹಳ್ಳಿಗಳವರು. ಒಂದು ಬಸ್ಸು ಅವರನ್ನು ತಂದು ಇಳಿಸುತ್ತದೆ. ಅದೇ ಬಸ್ಸು ಸ್ಟ್ಯಾಂಡಿನಲ್ಲಿ ನಿಂತಿದ್ದು, ಆ ದಿನದ ಕಡೆ ಬಸ್ಸಾಗಿ ಅವರನ್ನು ವಾಪಸು ಕೊಂಡೊಯ್ಯುತ್ತದೆ. ಅದು ಬರುವ ಮುಂಚೆ ಆಟ ಶುರು ಮಾಡಿದರೆ ನೋಡುವವರಿಲ್ಲ, ಅದು ಹೊರಟ ಮೇಲೆ ಬಿಟ್ಟರೆ ಹೋಗುವ ದಾರಿಯಿಲ್ಲ. ಹೀಗಾಗಿ ಎರಡೂವರೆ ಗಂಟೆಯ ಸಿನಿಮಾವನ್ನು ಹಿಂದಿನ ಆಪರೇಟರುಗಳೆಲ್ಲ ಹಾಡು ಕಡಿದು ಕಡಿದು ಬಸ್ಸಿನ ಅಳತೆಗೆ ತಂದಿದ್ದರು.

ಸಿನಿಮಾದಲ್ಲಿ ಹಾಡು ಬರೀ ಕುಣಿತಕ್ಕಲ್ಲ, ನಿಮಗೆ ಗೊತ್ತಲ್ಲ. ಹಾಡು ಶುರುವಾದಾಗ ಹೊಲದ ಬದುವಿನ ಮೇಲೆ ಓಡುವ ಹುಡುಗ ಹಾಡು ಮುಗಿಯುವಾಗ ಮೀಸೆ ತಿರುವುತ್ತ ನಿಂತಿರುತ್ತಾನೆ. ಒಂದೇ ಹಾಡಿನಲ್ಲಿ ಬಡವ ಬಂಗಲೆ ಕಟ್ಟುತ್ತಾನೆ. ಜಾತ್ರೆಯಲ್ಲಿ ಕಳೆದುಹೋದ ಅಣ್ಣ ತಮ್ಮಂದಿರು ಅಮ್ಮ ಹಾಡುತ್ತಿದ್ದ ಜೋಗುಳದಿಂದಲೇ ಒಬ್ಬರನ್ನೊಬ್ಬರು ಗುರುತು ಹಿಡಿಯುತ್ತಾರೆ. "ಮಾತಿನ್ಯಾಗ ಆಗದ್ದು ಹಾಡಿನ್ಯಾಗ ಆಗತೈತಿ ತಂಗಿ, ಹಾಡಿನ ಮ್ಯಾಲೆ ಕೈ ಇಡಬ್ಯಾಡ" ಎನ್ನುತ್ತಿದ್ದ ನಮ್ಮಪ್ಪ. ಸಾಗರದವರೋ ಹಾಡಿಲ್ಲದ ಕಥೆಗೆ ಹೊಂದಿಕೊಂಡುಬಿಟ್ಟಿದ್ದರು. ಓಡುತ್ತಿದ್ದ ಹುಡುಗ ಕಣ್ಣು ಮಿಟುಕಿಸುವಷ್ಟರಲ್ಲಿ ಪೊಲೀಸ್ ಇನ್ಸ್‌ಪೆಕ್ಟರಾದರೂ ಯಾರೂ ಚಕಾರ ಎತ್ತುತ್ತಿರಲಿಲ್ಲ. ನಾನೂ ಹೊಟ್ಟೆಪಾಡಿಗೆ ಗುಂಡಿ ಒತ್ತಿ ಹಾಡು ಹಾರಿಸುತ್ತಿದ್ದೆ, ಹಾರಿಸುವಾಗೆಲ್ಲ ಬೈದುಕೊಳ್ಳುತ್ತಿದ್ದೆ.

ಹೀಗಿರುವಾಗ ಒಂದು ಸಣ್ಣ ಸಿನಿಮಾ ಬಂತು. ದೊಡ್ಡ ಹೀರೋ ಇಲ್ಲ, ಹೊಡೆದಾಟ ಇಲ್ಲ. ಈ ಕಡೆಯ ಹಳ್ಳಿಯೊಂದರ ಅಕ್ಕ ತಂಗಿಯರ ಕಥೆ. ತಾಯಿ ತೀರಿಕೊಂಡಾಗ ಅಕ್ಕನಿಗೆ ಹೊತ್ತಿಗೆ ಸರಿಯಾಗಿ ಹೇಳಿ ಕಳಿಸಲಿಲ್ಲ ಎಂಬ ಮುನಿಸಿನಿಂದ ಇಬ್ಬರಿಗೂ ಮಾತಿಲ್ಲ. ಕೊನೆಗೆ ತಂಗಿಯ ಮಗಳ ಮದುವೆ. ವಧೂವರರನ್ನು ಹಸೆಗೆ, ಅಂದರೆ ಚಿತ್ತಾರ ಬರೆದ ಗೋಡೆಯ ಮುಂದಿನ ಮಣೆಗೆ ಕರೆಯುವ ಹಾಡು ಅಲ್ಲಿ ಬರುತ್ತದೆ, ಪೂರ್ತಿ ಏಳು ನಿಮಿಷ. ಇಲ್ಲಿಯ ಮದುವೆ ಹಾಡನ್ನು ಒಬ್ಬರೇ ಹಾಡುವಂತಿಲ್ಲ. ಒಂದು ಕಡೆಯವರು ಒಂದು ಸಾಲು ಹೇಳಿದರೆ ಎದುರು ಕಡೆಯವರು ಅದನ್ನು ಎತ್ತಿಕೊಳ್ಳಬೇಕು, ಎತ್ತಿಕೊಳ್ಳದಿದ್ದರೆ ಹಾಡು ಮುಂದೆ ಹೋಗುವುದಿಲ್ಲ. ಅಕ್ಕ ತಂಗಿ ಜೋಡಿಯಾಗಿ ಹಾಡುತ್ತಿದ್ದವರು. ಅವರ ರಾಜಿ ಆಗುವುದು ಆ ಹಾಡಿನಲ್ಲೇ, ಒಂದು ಮಾತೂ ಇಲ್ಲದೆ. ಗುರುವಾರ ಮಷೀನಿಗೆ ಹಾಕಿ ಪರೀಕ್ಷೆಗೆಂದು ಒಬ್ಬಳೇ ನೋಡಿದೆ, ಸೆರಗು ಒದ್ದೆಯಾಗುವಷ್ಟು ಅತ್ತೆ.

"ಇದನ್ನ ಕಡಿಯಾಕ ಬರಂಗಿಲ್ರೀ" ಎಂದೆ ಕೆರಿಯಪ್ಪನವರಿಗೆ.

"ಹಾಡು ಚೆಂದ ಇರಬೌದು ಶರಣಮ್ಮ, ನಾ ಬೇಡ ಅನ್ನಲ್ಲ. ಬಸ್ ತಪ್ಪಿದ್ರೆ ಅಷ್ಟು ಜನ ಎಲ್ಲಿ ಮಲಗ್ತಾರೆ? ನಿಮ್ಮನೇಲಾ?"

ಶುಕ್ರವಾರ ಗುಂಡಿ ಒತ್ತಿದೆ. ಪರದೆಯ ಮೇಲೆ ಹಗೆಯಲ್ಲಿದ್ದ ಅಕ್ಕ ತಂಗಿ ಮರುಕ್ಷಣವೇ ಒಂದೇ ಎಲೆಯಲ್ಲಿ ಹೋಳಿಗೆ ಹಂಚಿಕೊಂಡು ಉಣ್ಣುತ್ತಿದ್ದರು. ಆಟ ಬಿಟ್ಟಿತು. ಎಲ್ಲರೂ ಸ್ಟ್ಯಾಂಡಿನ ಕಡೆ ಓಡುವ ಗದ್ದಲದಲ್ಲಿ, ಹೊಸನಗರದ ದಾರಿಯ ಬಟ್ಟೆಮಲ್ಲಪ್ಪ ಎಂಬ ಊರಿನ ಕಡೆಯಿಂದ ಪ್ರತಿ ವಾರ ತಪ್ಪದೆ ಬರುವ ನಾಗಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ನನ್ನೆದುರು ನಿಂತರು.

"ಅಲ್ಲ ಶರಣಕ್ಕ, ಅವರಿಬ್ಬರೂ ಯಾವಾಗ ರಾಜಿ ಆದ್ರು? ನಾ ಮಧ್ಯದಲ್ಲಿ ನಿದ್ದೆ ಮಾಡಿದ್ನಾ ಎಂತ?"

ನಿದ್ದೆ ಮಾಡಿದೆನೋ ಎಂದು ತಮ್ಮ ಮೇಲೆಯೇ ಅನುಮಾನಪಟ್ಟುಕೊಂಡು ಆಕೆ ಓಡಿದರು. ಶನಿವಾರ ಬೆಳಗಾಗುವಷ್ಟರಲ್ಲಿ ಊರೆಲ್ಲ ಮಾತು ಹರಡಿತ್ತು, ಆ ಸಿನಿಮಾಕ್ಕೆ ತಲೆಯೂ ಇಲ್ಲ ಬುಡವೂ ಇಲ್ಲವಂತೆ. ಮಧ್ಯಾಹ್ನದ ಆಟಕ್ಕೆ ಮುಂದಿನ ಸಾಲುಗಳೆಲ್ಲ ಖಾಲಿ. "ನೋಡಿದ್ರಾ, ಇಂಥವು ನಮ್ಮೂರಲ್ಲಿ ಓಡಲ್ಲ" ಎಂದರು ಕೆರಿಯಪ್ಪ. ನನಗೆ ಸಿಟ್ಟು ನೆತ್ತಿಗೇರಿತು.

"ಕಾಲು ಮುರಿದು ಓಡಂಗಿಲ್ಲ ಅಂದ್ರ ಹೆಂಗ್ರೀ? ನಾಳೆ ಐತವಾರ ಸಂಜೀ ಆಟಕ್ಕ ಹಾಡು ಪೂರ್ತಿ ಹಾಕಾಕಿ ನಾನು. ಬ್ಯಾಡಂದ್ರ ಈಗಲೇ ಕೀಲಿಕೈ ತಗೋರಿ."

ಕೆರಿಯಪ್ಪ ಕೀಲಿಕೈ ತೆಗೆದುಕೊಳ್ಳಲಿಲ್ಲ. "ಆಯ್ತು, ಹಾಕಿ. ಆದ್ರೆ ಬಸ್ಸಿನ ವಿಷಯ ನೀವೇ ಬಗೆಹರಿಸ್ಬೇಕು. ಒಬ್ಬರು ಬಸ್ ತಪ್ಪಿಸಿಕೊಂಡ್ರೂ ಸೋಮವಾರ ನಾ ಬೇರೆ ಆಪರೇಟರ್ ನೋಡ್ತೀನಿ" ಎಂದರು. ಮನೆಗೆ ಬಂದು ಹೇಳಿದರೆ ವೀರೇಶ ಕತ್ತರಿ ಕೆಳಗಿಟ್ಟ. ಅವನಿಗೆ ಆಗಷ್ಟೇ ಕೈತುಂಬ ರವಿಕೆಗಳು ಬರತೊಡಗಿದ್ದವು. "ಮತ್ತ ಮಷೀನ್ ಹೊರೂದೇನು?" ಎಂದು ಕೇಳಿದ. ಬೈಯಲಿಲ್ಲ, ಆದರೆ ಆ ರಾತ್ರಿಗೆ ರೊಟ್ಟಿ ಒಂದು ಕಡಿಮೆ ತಿಂದ.

ಮನೆಗೆ ಬರುವ ಮುಂಚೆ, ಆ ಶನಿವಾರ ಸಂಜೆಯೇ ನಾನು ಒಂದು ಕೆಲಸ ಮಾಡಿದ್ದೆ. ಆಟ ಬಿಟ್ಟ ಕೂಡಲೇ ಕೋಣೆಗೆ ಬೀಗ ಹಾಕಿ ಆ ಜನರ ಜೊತೆ ನಾನೂ ಓಡಿದೆ. ಏದುಸಿರು ಬಿಡುತ್ತ ಸ್ಟ್ಯಾಂಡು ತಲುಪಿ ಕಡೆ ಬಸ್ಸು ಹತ್ತಿದೆ. ಕಂಡಕ್ಟರ್ ರಾಜಣ್ಣ ಸೀಟಿ ಊದಿದ, ಬಸ್ಸು ಹೊರಟಿತು, ತಿರುವಿನಲ್ಲಿ ತಿರುಗಿತು. ನೋಡುತ್ತೇನೆ, ನಾವು ಈಗಷ್ಟೇ ಓಡಿ ಬಂದ ರಸ್ತೆಯಲ್ಲೇ ವಾಪಸು ಹೋಗುತ್ತಿದೆ. ನಮ್ಮ ಟಾಕೀಸು ಇರುವುದೇ ಹೊಸನಗರದ ರಸ್ತೆಯಲ್ಲಿ. ಟಾಕೀಸಿನ ಗೇಟು ಕಿಟಕಿಯಲ್ಲಿ ಬಂತು, ಹೋಯಿತು. ನಾನು ಬಸ್ಸಿನಲ್ಲೇ ಜೋರಾಗಿ ನಕ್ಕುಬಿಟ್ಟೆ.

"ಎಂತ ಅಕ್ಕಾ, ಹುಷಾರಿದೀರಲ್ಲ?" ಎಂದ ರಾಜಣ್ಣ.

"ಈ ಬಸ್ಸು ನಮ್ಮ ಗೇಟ್ ಮುಂದನ ಹಾದು ಹೋಗತೈತಲ್ಲಪ್ಪಾ. ಮತ್ತ ಇವರೆಲ್ಲ ಸ್ಟ್ಯಾಂಡಿಗೆ ಯಾಕ ಓಡತಾರ?"

ಅವನು ನನ್ನನ್ನು ಕನಿಕರದಿಂದ ನೋಡಿದ. "ಗೇಟ್ ಹತ್ರ ಹತ್ತಿದ್ರೆ ಸೀಟ್ ಎಲ್ಲಿ ಸಿಗ್ತದೆ?"

ಅಂದರೆ ಇಷ್ಟು ವರ್ಷ ಹಾಡು ಕಡಿದದ್ದು ಬಸ್ಸು ತಪ್ಪುತ್ತದೆಂದಲ್ಲ, ಸೀಟು ತಪ್ಪುತ್ತದೆಂದು. ಸ್ಟ್ಯಾಂಡಿಗೆ ಓಡುವ ಹೊತ್ತು, ಬಸ್ಸು ಅಲ್ಲಿಂದ ತಿರುಗಿ ಬರುವ ಹೊತ್ತು, ಎರಡನ್ನೂ ಕೂಡಿಸಿದರೆ ಆ ಹಾಡು ಹೆಚ್ಚುಕಡಿಮೆ ಅದರಲ್ಲೇ ಹಿಡಿಯುತ್ತದೆ. ಇಲ್ಲೇ ಹುಟ್ಟಿ ಬೆಳೆದವರಿಗೆ ಇದು ಕಾಣದೆ ಹೋದದ್ದು ನನಗೇನೂ ಆಶ್ಚರ್ಯವಲ್ಲ. ನಮ್ಮೂರಲ್ಲೂ ಇಂಥವು ನೂರಿವೆ, ನಮಗೆ ಕಾಣುವುದಿಲ್ಲ ಅಷ್ಟೇ. ಮುಂದಿನ ಸ್ಟಾಪಿನಲ್ಲಿ ಇಳಿಯುವ ಮುಂಚೆ ರಾಜಣ್ಣನಿಗೆ ಕೇಳಿದೆ, ಹೇಗೂ ಸಂಜೆಯೆಲ್ಲ ಬಸ್ಸು ಸ್ಟ್ಯಾಂಡಿನಲ್ಲೇ ನಿಂತಿರುತ್ತದೆ, ಜನ ಬಂದು ಇಳಿಯುವಾಗಲೇ ಸೀಟಿಗೆ ಟವೆಲು ಹಾಕಿ ಬಂದರೆ ಆಗದೇ ಎಂದು.

ನಮ್ಮಲ್ಲಾದರೆ ಈ ಮಾತಿಗೆ ನಗುತ್ತಿದ್ದರು. ನಾವು ಕಿಟಕಿಯಿಂದ ಟವೆಲು ಎಸೆಯುತ್ತೇವೆ, ಆಮೇಲೆ ಆ ಟವೆಲಿನ ಮೇಲೆ ಕೂತವನ ಜೊತೆ ಹೊಡೆದಾಡುತ್ತೇವೆ. ಇಲ್ಲಿ ಸೀಟಿನ ಮೇಲೊಂದು ಕೊಡೆ ಇದ್ದರೂ ಅದನ್ನು ಸರಿಸಿ ಕೂರುವವರನ್ನು ನಾನು ನೋಡಿಲ್ಲ. ನಿಂತುಕೊಂಡೇ ಊರು ತಲುಪುತ್ತಾರೆ, ಕೊಡೆ ಮುಟ್ಟುವುದಿಲ್ಲ. ರಾಜಣ್ಣ ಗಡ್ಡ ಕೆರೆದುಕೊಂಡು ಯೋಚಿಸಿದ. "ಆಗ್ತದೆ. ಆದ್ರೆ ಗೇಟ್ ಹತ್ರ ಮೂರು ಹಾರ್ನ್ ಹೊಡೀತೀವಿ, ಅಷ್ಟರಲ್ಲಿ ಬರ್ಬೇಕು. ದಾರಿಲಿ ಕಾಯೋರು ಇರ್ತಾರೆ, ಸುಮ್ನೆ ನಿಲ್ಲಕ್ಕಾಗಲ್ಲ."

ಐತವಾರ ಸಂಜೆ ವೀರೇಶ ಸ್ಟ್ಯಾಂಡಿನಲ್ಲಿ ನಿಂತು ಬಸ್ಸಿಳಿದವರಿಗೆಲ್ಲ ವಿಷಯ ಹೇಳಿದ. ಅರ್ಧ ಜನ ನಂಬಲಿಲ್ಲ, ಆದರೂ ಟವೆಲು ಹಾಕಿದರು. ನಾಗಮ್ಮ ತರಕಾರಿ ಚೀಲ ಇಟ್ಟು ಪಕ್ಕದ ಸೀಟಿಗೆ ನಾದಿನಿಯ ಕೊಡೆಯನ್ನೂ ಇಟ್ಟರು. ಬಸ್ಸಿನ ತುಂಬ ಕೊಡೆ, ಚೀಲ, ಟವೆಲುಗಳೇ ಪ್ರಯಾಣಿಕರಂತೆ ಕೂತಿದ್ದವು ಎಂದು ವೀರೇಶ ಇವತ್ತಿಗೂ ನಗುತ್ತಾನೆ. ಆಮೇಲೆ ಅವನು ಟಾಕೀಸಿನ ಗೇಟಿಗೆ ಬಂದು ಕಾವಲು ನಿಂತ.

ಹಾಡು ಶುರುವಾಯಿತು. ನನ್ನ ಕೈ ಗುಂಡಿಯ ಹತ್ತಿರ ಇರಲಿಲ್ಲ, ಎದೆಯ ಮೇಲಿತ್ತು. ಪರದೆಯಲ್ಲಿ ತಂಗಿ ಹಸೆಯ ಗೋಡೆಯ ಮುಂದೆ ನಿಂತು ಮೊದಲ ಸಾಲು ಹಾಡಿದಳು. ಅಕ್ಕ ಹೊರಗೆ ಅಂಗಳದಲ್ಲಿ ನಿಂತಿದ್ದಾಳೆ, ಹೊಸ್ತಿಲು ದಾಟುವುದಿಲ್ಲವೆಂದು ಹಟ. ಸಾಲು ಮುಗಿಯಿತು. ಎದುರು ಹಾಡುವವರಿಲ್ಲ. ಸಿನಿಮಾ ಮಾಡಿದವರು ಅಲ್ಲಿ ಬೇಕೆಂದೇ ಮೌನ ಇಟ್ಟಿದ್ದರು, ಕೇಳುವವರ ಉಸಿರು ಕಟ್ಟುವಷ್ಟು ಮೌನ. ತಂಗಿ ಮತ್ತೆ ಅದೇ ಸಾಲು ಹಾಡಿದಳು. ಮತ್ತೆ ಮೌನ.

ಆಗ ಥಿಯೇಟರಿನೊಳಗಿಂದ, ಹಿಂದಿನ ಸಾಲುಗಳ ಕತ್ತಲಿನಿಂದ, ಹೆಂಗಸೊಬ್ಬರು ಆ ಸಾಲು ಎತ್ತಿಕೊಂಡರು.

ಅದು ನಾಗಮ್ಮನ ದನಿ. ಬೇಕೆಂದು ಹಾಡಿದ್ದಲ್ಲ ಅದು. ಹಾಡೊಂದನ್ನು ಹೀಗೆ ನಡುವೆ ಒಂಟಿಯಾಗಿ ನಿಲ್ಲಿಸುವುದು ಆಕೆಯಿಂದ ಆಗಲಿಲ್ಲ, ಅಷ್ಟೇ. ಪಕ್ಕದಲ್ಲಿದ್ದ ನಾದಿನಿ ಸೇರಿದರು. ಹಿಂದಿನವರು, ಅವರ ಹಿಂದಿನವರು ಸೇರಿದರು. ಪರದೆಯ ತಂಗಿ ಮುಂದಿನ ಸಾಲು ಹಾಡಿದಾಗ ಥಿಯೇಟರಿನ ಹೆಂಗಸರೆಲ್ಲ ಎದುರು ಕಡೆಯವರಾಗಿದ್ದರು. ಮೂರನೆಯ ಸಾಲಿಗೆ ಅಂಗಳದಲ್ಲಿದ್ದ ಅಕ್ಕ ಬಾಯಿ ತೆರೆದಳು. ಅವಳ ದನಿ ಬಂದು ಇವರ ದನಿಯೊಳಗೆ ಕೂಡಿಕೊಂಡಿತು. ಯಾವುದು ಸಿನಿಮಾದ್ದು, ಯಾವುದು ಸಾಗರದ್ದು ಎಂದು ಆಪರೇಟರಾದ ನನಗೇ ಗುರುತು ಸಿಗಲಿಲ್ಲ. ಕಿಂಡಿಯಿಂದ ಇಣುಕಿದೆ. ಕವಳಕ್ಕೆಂದು ಒಬ್ಬರೂ ಎದ್ದಿರಲಿಲ್ಲ.

ಇನ್ನೂ ಒಂದೆರಡು ಸಾಲು ಬಾಕಿ ಇರುವಾಗ ಹೊರಗೆ ಹಾರ್ನ್ ಕೇಳಿತು. ಒಂದು. ಸ್ವಲ್ಪ ಬಿಟ್ಟು ಎರಡು. ಒಳಗೆ ಯಾರೂ ಅಲುಗಾಡಲಿಲ್ಲ. ನನ್ನ ಕೆಲಸ ಹೋಯಿತು ಎಂದುಕೊಂಡೆ. ಮೂರನೆಯದಕ್ಕೆ ಕಾದೆ, ಅದು ಬರಲಿಲ್ಲ. ಹಾಡು ತನ್ನ ಪಾಡಿಗೆ ಮುಗಿಯಿತು. ಆಟ ಬಿಟ್ಟ ಮೇಲೆ ಹೊರಗೆ ಓಡಿ ಬಂದರೆ, ಬಸ್ಸು ಗೇಟಿನಲ್ಲೇ ನಿಂತಿದೆ. ಬಸ್ಸಿನ ಮುಂದೆ, ರಸ್ತೆಯ ನಡುವೆ, ಎರಡೂ ಕೈ ಅಡ್ಡ ಚಾಚಿಕೊಂಡು ಕೆರಿಯಪ್ಪ ನಿಂತಿದ್ದಾರೆ. ಹಾಡಿನ ಸದ್ದು ಕೇಳಿ ಬಾಗಿಲಿಗೆ ಬಂದಿದ್ದ ರಾಜಣ್ಣ ಒಳಗೇ ಉಳಿದುಬಿಟ್ಟಿದ್ದನಂತೆ. ಮೂರನೆಯ ಹಾರ್ನ್ ಹೊಡೆಯಲು ಹೋದ ಡ್ರೈವರಿಗೆ ಕೆರಿಯಪ್ಪ, "ಹಾಡು ಮುಗೀಲಿ ಮಾರಾಯ, ನಿಂಗೇನು ಅರ್ಜೆಂಟು" ಎಂದರೆಂದು ವೀರೇಶ ಆಮೇಲೆ ಹೇಳಿದ. ನನ್ನನ್ನು ನೋಡಿದ ಕೂಡಲೇ ಅವರು ಕೈ ಇಳಿಸಿದರು. "ಎರಡು ನಿಮಿಷ ಲೇಟು. ನಾಳೆಯಿಂದ ಇಂಟರ್‌ವಲ್‌ನಲ್ಲಿ ಎರಡು ನಿಮಿಷ ಕಡಿಮೆ ಮಾಡಿ. ಹಾಡಿಗೆ ಕೈ ಹಾಕ್ಬೇಡಿ" ಎಂದು ಒಳಗೆ ನಡೆದರು. ಒಬ್ಬರೂ ಬಸ್ಸು ತಪ್ಪಿಸಿಕೊಂಡಿರಲಿಲ್ಲ. ಎಲ್ಲರಿಗೂ ಸೀಟು ಇತ್ತು.

ನಾಗಮ್ಮ ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕಿ, "ಈಗ ಗೊತ್ತಾತು ಶರಣಕ್ಕ, ಯಾವಾಗ ರಾಜಿ ಆದ್ರು ಅಂತ" ಎಂದರು. ಅಷ್ಟು ಸಂತೋಷ ನನಗೆ ಸಿಂಧನೂರಿನ ಯಾವ ಒನ್ಸ್ ಮೋರ್‌ನಲ್ಲೂ ಆಗಿರಲಿಲ್ಲ.

ಆ ಸಿನಿಮಾ ನಾಲ್ಕು ವಾರ ಓಡಿತು. ತೀರ್ಥಹಳ್ಳಿ ಕಡೆಯ ಮೇಳಿಗೆಯಿಂದ ಹೆಂಗಸರು ಜೀಪು ಮಾಡಿಕೊಂಡು ಬಂದರು, ಎದುರು ಸಾಲು ಹಾಡುವುದಕ್ಕೆಂದೇ. ಭಾಗೀರಥಮ್ಮ ಎರಡು ಸಲ ನೋಡಿದರು. ಅಂದಿನಿಂದ ನಮ್ಮ ಟಾಕೀಸಿನಲ್ಲಿ ಯಾವ ಹಾಡಿಗೂ ಕತ್ತರಿಯಿಲ್ಲ. ಗುರುವಾರ ಬಂತೆಂದರೆ ಹೊಸ ಸಿನಿಮಾದ ಉದ್ದ ಎಷ್ಟು ಎಂದು ಸ್ಟ್ಯಾಂಡಿನಿಂದ ರಾಜಣ್ಣನ ಫೋನು ಬರುತ್ತದೆ. ಗಂಡಸರು ಈಗಲೂ ಕೆಲವು ಹಾಡುಗಳಿಗೆ ಎದ್ದು ಹೋಗುತ್ತಾರೆ. ನನಗೆ ಬೇಸರವಿಲ್ಲ. ಕಥೆಗೆ ಬೇಡವಾದ ಹಾಡಿಗೆ ಮಾತ್ರ ಅವರು ಏಳುವುದು, ಬೇಕಾದ ಹಾಡಿಗೆ ಮಿಸುಕುವುದಿಲ್ಲ. ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಪೇಪರಿನಲ್ಲಿ ಓದಿಲ್ಲ.

ಮೊನ್ನೆ ತಮ್ಮನ ಮಗನ ಜವಳಕ್ಕೆ ಊರಿಗೆ ಬಂದಿದ್ದೆನಲ್ಲ, ಆಗ ತಮ್ಮ ನನ್ನನ್ನು ನಿಮ್ಮ ಹೊಸ ಥಿಯೇಟರಿಗೆ ಕರೆದುಕೊಂಡು ಹೋದ. ಗೇಟಿನಲ್ಲೇ ಯಾರೋ, "ಸಾಗರದಾಕಿ ಬಂದಳು ನೋಡು" ಎಂದರು. ಸಾಗರದಲ್ಲಿ ನಾನಿನ್ನೂ ಸಿಂಧನೂರಿನ ಅಕ್ಕ. ಹಾಡು ಬಂತು, ಥಿಯೇಟರಿಗೆ ಥಿಯೇಟರೇ ಎದ್ದಿತು. ತಮ್ಮ ಕೈ ಹಿಡಿದು ಎಳೆದ, ನಾನೂ ಪರದೆಯ ಮುಂದೆ ಹೋಗಿ ಕುಣಿದೆ, ಮನಸಾರೆ ಕುಣಿದೆ. ಒನ್ಸ್ ಮೋರ್ ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವಳೂ ನಾನೇ. ಆಪರೇಟರು ಪುಣ್ಯಾತ್ಮ, ಹಾಡನ್ನು ಮೊದಲಿನಿಂದ ಹಾಕಿದ. ಕಾಲು ಮತ್ತೆ ಕುಣಿಯತೊಡಗಿತು. ಆದರೆ ಕಣ್ಣು ಮಾತ್ರ ನನಗೆ ಗೊತ್ತಿಲ್ಲದೆ ಕೈಗಡಿಯಾರಕ್ಕೆ ಹೋಗಿತ್ತು. ನನ್ನ ಜನರ ನಡುವೆ, ನನ್ನೂರಿನ ಹಾಡಿಗೆ ಕುಣಿಯುತ್ತ, ಬಟ್ಟೆಮಲ್ಲಪ್ಪದ ಹೆಂಗಸರಿಗೆ ಬಸ್ಸು ಸಿಗುತ್ತದೋ ಇಲ್ಲವೋ ಎಂದು ನಾನು ಲೆಕ್ಕ ಹಾಕುತ್ತಿದ್ದೆ.